ಕೂಗಿಗೆ ನಿಲ್ಲದ ಬ್ಯಾಕು

ನಮ್ಮ ಭೂತಪ್ಪ ಹದಿನೈದು ವರ್ಷಗಳಲ್ಲಿ ಒಂಬತ್ತು ಫುಟ್‌ಬಾಲ್ ತಂಡಗಳಿಗೆ ಆಡಿದನು. ಅವುಗಳಲ್ಲಿ ಒಂದು ತಂಡವೂ ಅವನನ್ನು ಬೈದು ಕಳುಹಿಸಲಿಲ್ಲ. ಒಂದು ತಂಡವೂ ಇರು ಎಂದು ಕೈ ಹಿಡಿದು ನಿಲ್ಲಿಸಿಕೊಳ್ಳಲೂ ಇಲ್ಲ. ಅವನದು ಬ್ಯಾಕಿನ ಜಾಗ. ತನ್ನ ತಂಡದ ಗೋಲಿನ ಮುಂದೆ ನಿಂತು, ಬಂದ ಚೆಂಡನ್ನು ಬಂದ ದಾರಿಗೇ ಅಟ್ಟುವುದು ಅವನ ಕೆಲಸ. ಮುಂದೆ ಆಡುವವನು ಗೋಲು ಹೊಡೆದರೆ ಊರು ಅವನನ್ನು ಹೆಗಲ ಮೇಲೆ ಹೊರುತ್ತದೆ. ಬ್ಯಾಕು ಗೋಲು ತಪ್ಪಿಸಿದರೆ, ಆಗದೆ ಹೋದದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಚೆಂಡು ಅವನನ್ನು ದಾಟಿ ಹೋದಾಗ ಮಾತ್ರ ಜನರಿಗೆ ಅವನ ಹೆಸರು ನೆನಪಾಗುತ್ತದೆ.

ಆ ಹೆಸರು ಅವನ ತಾಯಿ ಚಿನ್ನಮ್ಮನ ಹರಕೆಯದು. ಮೂರು ಮಕ್ಕಳು ಉಳಿಯದೆ ಹೋದ ಮೇಲೆ ಆಕೆ ಊರ ಹೊರಗಿನ ಭೂತಪ್ಪನ ಕಲ್ಲಿಗೆ ಎಣ್ಣೆ ಎರೆದು ಕೇಳಿಕೊಂಡಿದ್ದಳು. ತಂದೆ ಚೌಡಪ್ಪ ಶಿವಮೊಗ್ಗದ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುತ್ತಿದ್ದನು. ಹೊಸಮನೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಲೋಯರ್ ಸೆಕೆಂಡರಿ ಪರೀಕ್ಷೆಗೆ ನಾವಿಬ್ಬರೂ ಒಟ್ಟಿಗೆ ಕುಳಿತೆವು. ನಾನು ತೇರ್ಗಡೆಯಾಗಿ ಮುಂದೆ ಮೇಷ್ಟ್ರಾದೆನು. ಭೂತಪ್ಪನು ಅದೇ ಪರೀಕ್ಷೆಗೆ ಇನ್ನೆರಡು ಸಲ ಹೋಗಿ ನೋಡಿ, ಅದು ತನ್ನನ್ನು ಗುರುತಿಸುವುದಿಲ್ಲವೆಂದು ತಿಳಿದ ಮೇಲೆ ಚೆಂಡಿನ ಕಡೆಗೆ ಪೂರ್ತಿಯಾಗಿ ತಿರುಗಿದನು.

ಮೊದಲ ತಂಡ ಕೋಟೆಯ ಹುಡುಗರದು. ಪಂದ್ಯದ ದಿನ ಒಂದು ತಟ್ಟೆ ಉಪ್ಪಿಟ್ಟು, ಎರಡು ಬಾಳೆಹಣ್ಣು, ಅದೇ ಸಂಬಳ. ಆಮೇಲೆ ದಾವಣಗೆರೆಯ ಒಂದು ಹತ್ತಿ ಗಿರಣಿಯವರು ತೂಕ ನೋಡುವ ಗುಮಾಸ್ತನೆಂದು ನೇಮಿಸಿಕೊಂಡು ಚೆಂಡಾಡಿಸಿದರು. ತೂಕ ನೋಡುವ ಕೆಲಸ ಒಂದೇ ದಿನ ಮಾಡಿದನಂತೆ; ಮರುದಿನದಿಂದ ಅವರೇ ಬೇಡವೆಂದರಂತೆ. ಚಿಕ್ಕಮಗಳೂರಿನ ಕಡೆ ಒಬ್ಬ ಕಾಫಿ ತೋಟದ ಸಾಹುಕಾರರಿಗೆ ಆಡಿದ ವರ್ಷ ಚೆಂಡಿಗಿಂತ ಕಾಲಿಗೆ ಕಚ್ಚಿದ ಇಂಬಳಗಳನ್ನೇ ಹೆಚ್ಚು ಬಿಡಿಸಿದನು. ಚಿನ್ನದ ಗಣಿಯ ತಂಡದಲ್ಲಿ ಹನ್ನೊಂದು ಜನಕ್ಕೆ ನಾಲ್ಕು ಭಾಷೆ. ಹಿಂದಿನಿಂದ ತೆಲುಗಿನ ಗೋಲ್‌ಕೀಪರು ‘ಒದ್ದು, ಒದ್ದು’ ಎಂದು ಬೇಡವೆನ್ನುತ್ತಿದ್ದರೆ ನಮ್ಮವನು ಹುರುಪಿನಿಂದ ಇನ್ನೂ ಜೋರಾಗಿ ಒದೆಯುತ್ತಿದ್ದನು. ಅಲ್ಲಿಂದ ಒಂದು ನಾಟಕ ಕಂಪೆನಿಗೆ ಹೋದನು. ಊರೂರಿನಲ್ಲಿ ಹಗಲು ಪಂದ್ಯ ಆಡಿ ಸಂಜೆಯ ನಾಟಕಕ್ಕೆ ಜನ ಸೇರಿಸುವುದು ಆ ಕಂಪೆನಿಯ ಯಜಮಾನರ ಉಪಾಯ. ಸಂಜೆ ಭೂತಪ್ಪನು ಅರಮನೆಯ ಬಾಗಿಲಲ್ಲಿ ಈಟಿ ಹಿಡಿದು ನಿಲ್ಲಬೇಕಾಗಿತ್ತು. ಒಂದು ದಿನ ಮಹಾರಾಜನು ಶೋಕದಿಂದ ಕಿರೀಟವನ್ನು ನೆಲಕ್ಕೆ ಎಸೆದನು. ಅದು ಉರುಳುತ್ತ ಕಾವಲುಗಾರನ ಕಾಲ ಬಳಿಗೆ ಬಂದಿತು. ಕಾಲು ಕೇಳಬೇಕಲ್ಲ! ಕಿರೀಟವು ಹಾರ್ಮೋನಿಯಂ ಮೇಷ್ಟ್ರ ತಲೆಯನ್ನು ಸವರಿಕೊಂಡು ಮೂರನೆಯ ಸಾಲಿನಲ್ಲಿ ಬಿದ್ದಿತು. ಆ ಊರಿನ ಜನ ಅದೇ ದೃಶ್ಯವನ್ನು ಮತ್ತೊಮ್ಮೆ ತೋರಿಸಿರೆಂದು ಹಟ ಹಿಡಿದರಂತೆ.

ಉಳಿದ ತಂಡಗಳ ಹೆಸರು ಹೇಳಿ ನಿಮ್ಮನ್ನು ದಣಿಸುವುದಿಲ್ಲ. ಎಲ್ಲೆಡೆಯೂ ನಡೆದದ್ದು ಒಂದೇ ರೀತಿ. ತಂಡ ಸೋಲುತ್ತಿದ್ದಿತು, ಇಲ್ಲವೇ ಮಾಲೀಕರಿಗೆ ಆಟದ ಹುಚ್ಚು ಇಳಿಯುತ್ತಿದ್ದಿತು. ಭೂತಪ್ಪನು ನನಗೆ ಕಾಗದ ಬರೆಯುತ್ತಿದ್ದನು. ನಾನು ಅವನ ಹೆಸರಿನಲ್ಲಿ ಇನ್ನೊಂದು ತಂಡಕ್ಕೆ ಅರ್ಜಿ ಬರೆಯುತ್ತಿದ್ದೆನು. ‘ಸದರಿ ಅರ್ಜಿದಾರನು ಬಲಗಾಲಿನಲ್ಲಿಯೂ ಎಡಗಾಲಿನಲ್ಲಿಯೂ ಸಮಾನ ನಿಷ್ಠೆಯುಳ್ಳವನು’ ಎಂಬ ವಾಕ್ಯ ಅವನಿಗೆ ಬಹಳ ಮೆಚ್ಚಿಗೆ. ಅದನ್ನು ಎಂಟು ಅರ್ಜಿಗಳಲ್ಲಿ ಬರೆದಿದ್ದೇನೆ.

ಇದರಲ್ಲಿ ನಿಜವಾಗಿ ಸೋತವಳು ಅವನ ಹೆಂಡತಿ ಮಾಸ್ತಮ್ಮ. ಹೊಳೆಹೊನ್ನೂರಿನ ಕಡೆಯವಳು, ಗಟ್ಟಿ ಹೆಂಗಸು. ಮದುವೆಯಾದಂದಿನಿಂದ ಅವಳು ಹೋದ ಊರಿನಲ್ಲೆಲ್ಲ ಹಿತ್ತಿಲಿನಲ್ಲಿ ಒಂದು ಅವರೆ ಬಳ್ಳಿ ಹಬ್ಬಿಸುತ್ತಿದ್ದಳು. ಒಂದು ಊರಿನಲ್ಲಿಯೂ ಅದರ ಕಾಯಿ ತಿನ್ನಲಿಲ್ಲ. ಹೂ ಬಿಟ್ಟಿತೆಂದರೆ ಹೊಸ ತಂಡದ ಕಾಗದ ಬಂತೆಂದೇ ಅರ್ಥ ಎಂದು ಅವಳು ಹೇಳುತ್ತಿದ್ದಳು. ಬಿಟ್ಟು ಬಂದ ಕೋಳಿಗಳ ಹೆಸರುಗಳನ್ನು ಊರಿನ ಸಮೇತ ಒಪ್ಪಿಸಬಲ್ಲವಳಾಗಿದ್ದಳು.

ಸಾವಿರದ ಒಂಬೈನೂರ ಮೂವತ್ತೇಳನೆಯ ಇಸವಿಯಲ್ಲಿ ಅವರಿಬ್ಬರೂ ಭದ್ರಾವತಿಗೆ ಬಂದರು. ನಾನು ಆಗ ಅಲ್ಲಿಯ ಶಾಲೆಯೊಂದರಲ್ಲಿದ್ದೆನು. ಹೊಳೆಯ ದಂಡೆಯಲ್ಲಿ ಸಿದ್ದಯ್ಯನವರೆಂಬ ಜಮೀನುದಾರರದು ಒಂದು ಸಣ್ಣ ಎರಕದ ಕಾರ್ಖಾನೆ ಇತ್ತು. ನೇಗಿಲ ಗುಳ, ಕಬ್ಬಿನ ಗಾಣದ ಹಲ್ಲುಚಕ್ರ, ಬಾವಿಯ ರಾಟೆ, ಇಂಥವನ್ನು ಎರಕ ಹೊಯ್ಯುತ್ತಿದ್ದರು. ಸಿದ್ದಯ್ಯನವರಿಗೆ ಫುಟ್‌ಬಾಲ್ ಎಂದರೆ ಪ್ರಾಣ. ಹತ್ತು ಜನ ಆಟಗಾರರು ಅವರ ಕೆಲಸಗಾರರಲ್ಲಿಯೇ ಸಿಕ್ಕಿದ್ದರು. ಬ್ಯಾಕು ಒಬ್ಬನು ಬೇಕಾಗಿದ್ದನು. ನನ್ನ ಅರ್ಜಿ ತಲುಪಿದ ವಾರದಲ್ಲಿಯೇ ಭೂತಪ್ಪನ ಹೆಸರು ಹಾಜರಿ ಪುಸ್ತಕವನ್ನು ಸೇರಿತು, ಮರಳು ಜರಡಿ ಹಿಡಿಯುವ ಕೆಲಸದವನೆಂದು. ಸಾಲುಮನೆಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ, ಹಿಂದೆ ನಾಲ್ಕು ಮಾರು ಹಿತ್ತಿಲು ಕೊಟ್ಟರು. ಮಾಸ್ತಮ್ಮ ಹಿತ್ತಿಲನ್ನು ನೋಡಿ, ಗಂಡನನ್ನು ನೋಡಿ, ಈ ಸಲ ತಾನು ಇಲ್ಲಿಂದ ಏಳುವುದಿಲ್ಲವೆಂದೂ, ಅವರು ಬೇಕಾದರೆ ಚೆಂಡಿನ ಹಿಂದೆ ಒಬ್ಬರೇ ಹೋಗಬಹುದೆಂದೂ ತಿಳಿಸಿದಳು. ತಮಾಷೆಗೆ ಹೇಳಿದ್ದಲ್ಲ. ನಾನು ಅಲ್ಲಿಯೇ ಇದ್ದೆನು.

ಭೂತಪ್ಪನ ದಿನಚರಿ ಹೀಗಿತ್ತು. ಬೆಳಿಗ್ಗೆ ಕಾರ್ಖಾನೆಗೆ ಹೋಗಿ ಮೇಸ್ತ್ರಿಯ ಮುಂದೆ ಹಾಜರಿ ಹಾಕುವುದು. ಹಿಂದಿನ ಬಾಗಿಲಿನಿಂದ ಹೊಳೆದಂಡೆಯ ಬಯಲಿಗೆ ಬಂದು ಬಿಸಿಲೇರುವ ತನಕ ಓಡುವುದು. ಹೊಳೆಯಲ್ಲಿ ಸ್ನಾನ. ಮನೆಗೆ ಬಂದು ಮುದ್ದೆ ಉಂಡು, ಹುಣಸೆ ಮರದ ನೆರಳಿನಲ್ಲಿ ನಿದ್ರೆ. ಸಂಜೆ ಐದಕ್ಕೆ ಊರಿನ ದೊಡ್ಡ ಕಾರ್ಖಾನೆಯ ಕೂಗು, ಎಂದರೆ ಹಬೆಯ ಸಿಳ್ಳು, ಆಗುತ್ತಿದ್ದಿತು. ಎದ್ದು ಮುಖ ತೊಳೆದು, ಮತ್ತೆ ಬಯಲಿಗೆ ಓಡುವುದು.

ಈ ಕೂಗಿನ ವಿಷಯ ಸ್ವಲ್ಪ ಹೇಳಬೇಕು. ಭದ್ರಾವತಿಯಲ್ಲಿ ಆಗ ಗಡಿಯಾರ ಇದ್ದವರು ಕಡಿಮೆ. ಇದ್ದವರೂ ಅದನ್ನು ಕೂಗಿಗೆ ಸರಿಮಾಡಿಕೊಳ್ಳುತ್ತಿದ್ದರು. ಹೆಂಗಸರು ಒಲೆ ಹಚ್ಚುವುದು, ಮಕ್ಕಳು ಶಾಲೆಗೆ ಹೊರಡುವುದು, ಮುದುಕರು ಜಗಲಿಗೆ ಬರುವುದು, ಎಲ್ಲವೂ ಕೂಗಿನ ಮೇಲೆ. ಸಿದ್ದಯ್ಯನವರ ಎರಕದ ಮನೆಯಲ್ಲಿ ಮಾತ್ರ ಸಂಜೆಯ ಕೂಗಿಗೆ ಇನ್ನೊಂದು ಕಟ್ಟಳೆ ಸೇರಿತ್ತು. ಹಿಂದೊಮ್ಮೆ ಯಾರೋ ಒಬ್ಬನು ಅಚ್ಚಿನ ಪೆಟ್ಟಿಗೆಗಳ ಮರೆಯ ಗುಂಡಿಯಲ್ಲಿ ನಿದ್ದೆ ಹೋಗಿದ್ದನಂತೆ. ಕೆಲಸ ಮುಗಿಯಿತೆಂದು ಕುಲುಮೆಯ ಬಿಸಿ ಕಿಟ್ಟವನ್ನು ಅದೇ ಗುಂಡಿಗೆ ಸುರಿಯುವುದರಲ್ಲಿದ್ದರಂತೆ. ಅಂದಿನಿಂದ, ಕೂಗು ಆದ ಕೂಡಲೇ ಪ್ರತಿಯೊಬ್ಬನೂ ಕೈಯಲ್ಲಿದ್ದುದನ್ನು ಕೆಳಗಿಟ್ಟು, ಇದ್ದ ಜಾಗದಲ್ಲಿಯೇ ಎರಡೂ ಕೈಗಳನ್ನು ಇಳಿಬಿಟ್ಟು ನಿಲ್ಲಬೇಕು. ಮೇಸ್ತ್ರಿ ವೆಂಕಟಾಚಲ ತಲೆ ಎಣಿಸಿ, ಲೆಕ್ಕ ಸರಿಹೋದ ಮೇಲೆ ‘ಆಯ್ತು’ ಎನ್ನಬೇಕು. ಆಮೇಲೆಯೇ ಚಲನೆ. ವರ್ಷಗಟ್ಟಲೆ ಹೀಗೆ ನಿಂತವರಿಗೆ ಕೂಗು ಕೇಳಿದರೆ ಕೈ ತಾನಾಗಿ ಇಳಿಯುತ್ತಿದ್ದಿತು. ಭಾನುವಾರ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದವರೂ ನಿಂತುಬಿಡುವುದನ್ನು ನಾನು ಕಂಡಿದ್ದೇನೆ.

ಮರುವರ್ಷ ಬೇಸಿಗೆಯಲ್ಲಿ ಸಿದ್ದಯ್ಯನವರು ತೀರಿಕೊಂಡರು. ಮಗ ಭೈರಪ್ಪನವರು ಬೆಂಗಳೂರಿನಲ್ಲಿ ಓದಿ ಬಂದವರು, ಮಿತಭಾಷಿ. ಅವರು ಬಂದ ತಿಂಗಳಲ್ಲಿಯೇ ಒಂದು ಮಾತು ಹೊರಡಿಸಿದರು: ಆಯುಧಪೂಜೆಯ ದಿನ ಖಾಯಂ ಆದವರ ಪಟ್ಟಿಯನ್ನು ಓದುತ್ತೇವೆ, ನಿಜವಾಗಿ ಕೆಲಸ ಮಾಡುವವರ ಹೆಸರು ಮಾತ್ರ ಅದರಲ್ಲಿ ಇರುತ್ತದೆ, ಸಾಲುಮನೆ ಖಾಯಂ ಆದವರಿಗೆ ಮಾತ್ರ.

ಭೂತಪ್ಪನು ಆ ಸಂಜೆ ನಮ್ಮ ಮನೆಗೆ ಬಂದು ಬಹಳ ಹೊತ್ತು ಕುಳಿತಿದ್ದನು. ಅವನಿಗೆ ಮೂವತ್ತೈದರ ಹತ್ತಿರ. ಹತ್ತನೆಯ ತಂಡ ಸಿಗುವ ವಯಸ್ಸಲ್ಲ. ಸಿಕ್ಕಿದರೂ ಮಾಸ್ತಮ್ಮ ಬರುವವಳಲ್ಲ. ವೆಂಕಟಾಚಲ ಮೇಸ್ತ್ರಿ ಅವನಿಗೆ ಧೈರ್ಯ ಹೇಳಿದ್ದನು. ಪುಸ್ತಕದಲ್ಲಿ ಮರಳಿನ ಕೆಲಸವೆಂದು ಬರೆದಿದೆ, ಚಿಕ್ಕ ಯಜಮಾನರು ಮುಖ ನೋಡಿಲ್ಲ, ಆಯುಧಪೂಜೆಯ ಹಿಂದಿನ ದಿನವೇ ದಸರಾ ಶೀಲ್ಡಿನ ಕೊನೆಯ ಪಂದ್ಯವಿದೆ, ಗೆದ್ದ ಸಂತೋಷದಲ್ಲಿ ಯಾರು ಯಾವ ಮರಳನ್ನು ಜರಡಿ ಹಿಡಿದರೆಂದು ಯಾರೂ ಕೇಳುವುದಿಲ್ಲ, ಬಾಯಿ ಮುಚ್ಚಿಕೊಂಡು ಆಡು ಎಂದಿದ್ದನು.

ಕೊನೆಯ ಪಂದ್ಯಕ್ಕೆ ಎದುರಾಳಿಗಳಾಗಿ ಬಂದವರು ಶಿವಮೊಗ್ಗ ಕೋಟೆಯವರು, ಭೂತಪ್ಪನ ಮೊದಲ ತಂಡ. ನಮ್ಮಲ್ಲಿ ಪಂದ್ಯಗಳು ಯಾವಾಗಲೂ ಐದರ ಕೂಗು ಆದ ಮೇಲೆಯೇ ಆರಂಭವಾಗುತ್ತಿದ್ದವು. ಅಂದು ಕೋಟೆಯವರು ಸಂಜೆಯ ರೈಲಿಗೆ ಹಿಂದಿರುಗಬೇಕೆಂದು ಕೇಳಿಕೊಂಡದ್ದರಿಂದ ನಾಲ್ಕಕ್ಕೇ ಆರಂಭಿಸಲು ಒಪ್ಪಿದರು. ಇದರಿಂದ ಏನಾಗಬಹುದೆಂದು ಇಡೀ ಭದ್ರಾವತಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಆಟ ಸಮಸಮವಾಗಿ ನಡೆಯಿತು. ಎರಡು ಕಡೆಯೂ ಗೋಲಿಲ್ಲ. ಭೈರಪ್ಪನವರು ಗೆರೆಯ ಪಕ್ಕದ ಕುರ್ಚಿಯಲ್ಲಿ ಶೀಲ್ಡನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಪಕ್ಕದಲ್ಲಿ ವೆಂಕಟಾಚಲ ನಿಂತಿದ್ದನು. ಮುಗಿಯಲು ಇನ್ನು ಹತ್ತು ನಿಮಿಷ ಇರುವಾಗ ಕೂಗು ಆಯಿತು.

ಎರಕದ ಮನೆಯ ಹತ್ತು ಆಟಗಾರರೂ ನಿಂತರು. ಓಡುತ್ತಿದ್ದವನು ಓಡುತ್ತಿದ್ದ ಜಾಗದಲ್ಲಿ, ಚೆಂಡನ್ನು ಒದೆಯಲಿದ್ದವನು ಚೆಂಡಿನ ಮುಂದೆ, ಗೋಲ್‌ಕೀಪರು ಎರಡು ಕಂಬಗಳ ನಡುವೆ, ಎಲ್ಲರೂ ಕೈಗಳನ್ನು ಇಳಿಬಿಟ್ಟು ಶಿಲೆಗಳಂತೆ ನಿಂತರು. ವೆಂಕಟಾಚಲನು ಬೆರಳು ಎತ್ತಿ ‘ಒಂದು, ಎರಡು’ ಎಂದು ಎಣಿಸತೊಡಗಿದನು. ನೋಡಲು ಬಂದಿದ್ದ ಹೆಂಗಸರು ಅಕ್ಕಿ ತೊಳೆಯಬೇಕೆಂದು ಸೆರಗು ಸರಿಮಾಡಿಕೊಂಡು ಎದ್ದರು. ರೆಫರಿಯಾಗಿದ್ದ ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಜೇಬಿನಿಂದ ಗಡಿಯಾರ ತೆಗೆದು ಮುಳ್ಳು ತಿರುಗಿಸಿದರು. ನಾನೂ ನನ್ನದನ್ನು ತೆಗೆದೆನು. ಸುಳ್ಳೇಕೆ ಹೇಳಲಿ?

ಕೋಟೆಯ ಹುಡುಗರು ಮೊದಲು ಬೆದರಿದರು. ಯಾರೋ ದೊಡ್ಡವರು ತೀರಿಹೋದ ಸುದ್ದಿ ಇರಬೇಕೆಂದು ಒಬ್ಬನು ಕೈಮುಗಿದೂ ಬಿಟ್ಟನು. ಆಮೇಲೆ ಅವರ ನಾಯಕನಿಗೆ, ಚೆಂಡು ಸುಮ್ಮನೆ ಬಿದ್ದಿದೆ, ಎದುರಿಗೆ ಅಲುಗಾಡುವವರು ಯಾರೂ ಇಲ್ಲ ಎಂಬುದು ಹೊಳೆಯಿತು. ಅವರ ಮುಂದಿನ ಸಾಲಿನ ಐವರೂ ಮುನ್ನುಗ್ಗಿದರು.

ಭೂತಪ್ಪನಿಗೆ ಕೂಗು ಎಂದರೆ ಎದ್ದು ಓಡು ಎಂದು ಅರ್ಥ. ಅಲ್ಲಿಯ ತನಕ ಸ್ವಲ್ಪ ತೂಕಡಿಸುತ್ತಿದ್ದವನಂತೆ ಆಡುತ್ತಿದ್ದವನು ಆ ಸದ್ದಿಗೆ ಮೈ ಕೊಡವಿಕೊಂಡನು. ಮೊದಲನೆಯವನ ಕಾಲಿನಿಂದ ಚೆಂಡನ್ನು ಕಿತ್ತನು. ಅದು ಎರಡನೆಯವನಿಗೆ ಹೋಯಿತು. ಅವನು ಹೊಡೆದದ್ದು ಭೂತಪ್ಪನ ಎದೆಗೆ ಬಡಿಯಿತು. ಮೂರನೆಯವನು ಹೊಡೆದದ್ದು ನೇರವಾಗಿ ಗೋಲಿಗೆ ಹೋಗುತ್ತಿದ್ದಿತು. ಭೂತಪ್ಪನು ಹಿಂದಕ್ಕೆ ಓಡಿ, ಗೆರೆಯ ಮೇಲೆ, ಕಂಬದಂತೆ ನಿಂತಿದ್ದ ಗೋಲ್‌ಕೀಪರನ ಮಗ್ಗುಲಿನಲ್ಲಿ ತಲೆ ಕೊಟ್ಟು ತಡೆದನು. ಹಿಡಿಯೋ ಮಾರಾಯ ಎಂದು ಬೇಡಿಕೊಂಡದ್ದಕ್ಕೆ ಆ ಗೋಲ್‌ಕೀಪರು ಕುತ್ತಿಗೆ ತಿರುಗಿಸದೆ ಉತ್ತರ ಕೊಟ್ಟನು.

“ಎಣಿಕೆ ಮುಗೀಲಿ, ಅಣ್ಣ.”

ಮತ್ತೆ ಬಂದ ಚೆಂಡಿಗೆ ಭೂತಪ್ಪನು ಇದ್ದ ಬಲವನ್ನೆಲ್ಲ ಹಾಕಿ ಒದ್ದನು. ಎತ್ತ ಹೋದರೂ ಸರಿ, ಇಲ್ಲಿಂದ ಹೋದರೆ ಸಾಕು ಎಂಬುದೇ ಅವನ ಉದ್ದೇಶ. ಆದರೆ ಈ ಕೌತುಕವನ್ನು ಹತ್ತಿರದಿಂದ ನೋಡಲು ಕೋಟೆಯ ಗೋಲ್‌ಕೀಪರು ಬಯಲಿನ ನಡುಗೆರೆಯ ತನಕ ನಡೆದು ಬಂದಿದ್ದನು. ಚೆಂಡು ಅವನ ತಲೆಯ ಮೇಲೆ ಹಾರಿ, ಒಮ್ಮೆ ಪುಟಿದು, ಎರಡು ಸಲ ಪುಟಿದು, ಯಾರ ಅವಸರವೂ ಇಲ್ಲದೆ ಉರುಳಿಕೊಂಡು ಗೋಲಿನೊಳಗೆ ಹೋಯಿತು. ಹದಿನೈದು ವರ್ಷಗಳಲ್ಲಿ ಭೂತಪ್ಪ ಹೊಡೆದ ಮೊದಲ ಗೋಲು ಅದು.

ಆ ನಿಶ್ಶಬ್ದದಲ್ಲಿ ವೆಂಕಟಾಚಲನ ಕಂಠ ಸ್ಪಷ್ಟವಾಗಿ ಕೇಳಿಸಿತು: “ಹತ್ತು. ಹನ್ನೊಂದನೇವನು ಎಲ್ಲಿ?”

ಭೈರಪ್ಪನವರು ತಲೆಯೆತ್ತಿ ಮೇಸ್ತ್ರಿಯನ್ನು ನೋಡಿದರು. ಆಮೇಲೆ ಬಯಲನ್ನು ನೋಡಿದರು. ನಿಂತ ಹತ್ತು ಜನರನ್ನೂ, ಕುಣಿಯುತ್ತಿದ್ದ ಒಬ್ಬನನ್ನೂ.

ಕೋಟೆಯವರು ಜಗಳ ತೆಗೆದರು. ರೆಫರಿಯು ತಾನು ಪೀಪಿ ಊದಿಲ್ಲ, ಆದ್ದರಿಂದ ಆಟ ನಿಂತಿರಲಿಲ್ಲ ಎಂದರು. ಇದೇ ನ್ಯಾಯವನ್ನು ನಂಬಿ ತಾವೂ ಮುನ್ನುಗ್ಗಿದ್ದವರಾದ್ದರಿಂದ ಕೋಟೆಯವರಿಗೆ ಹೆಚ್ಚು ಮಾತನಾಡಲಾಗಲಿಲ್ಲ. ಶೀಲ್ಡು ನಮ್ಮದಾಯಿತು. ಜನ ಭೂತಪ್ಪನನ್ನು ಹೆಗಲ ಮೇಲೆ ಎತ್ತಿಕೊಂಡು ಬಂದು ಭೈರಪ್ಪನವರ ಮುಂದೆ ಇಳಿಸಿದರು.

ಭೈರಪ್ಪನವರು ಶೀಲ್ಡನ್ನು ಕೊಡಲಿಲ್ಲ, ತೊಡೆಯ ಮೇಲೆಯೇ ಇಟ್ಟುಕೊಂಡು ಕೇಳಿದರು.

“ಎರಕದ ಮನೇಲಿ ನಿನ್ನ ಕೆಲಸ ಏನಪ್ಪ?”

“ಮರಳು, ಯಜಮಾನ್ರೇ. ಮರಳು ಜರಡಿ ಹಿಡೀತಾನೆ” ಎಂದನು ವೆಂಕಟಾಚಲ.

“ನಾನು ಅವನ್ನ ಕೇಳ್ದೆ. ಎಲ್ಲರೂ ಕೂಗಿಗೆ ನಿಂತರು. ನೀನು ಯಾಕೆ ನಿಲ್ಲಲಿಲ್ಲ?”

ಒಂಬತ್ತು ತಂಡಗಳ ಮಾಲೀಕರಿಗೆ ಅವರವರು ಬಯಸಿದ ಮಾತನ್ನೇ ಹೇಳಿ ಬಂದವನು ಭೂತಪ್ಪ. ಅಂದು ಗೋಲು ಹೊಡೆದ ಸಂತೋಷವೋ, ದಣಿವೋ, ಯಾರು ಬಲ್ಲರು? ಅವನ ಬಾಯಿಂದ ನಿಜವೇ ಬಂದಿತು.

“ನಾನು ಆ ಹೊತ್ತಿಗೆ ಎದ್ದು ಮುಖ ತೊಳ್ಕೊಳ್ತೀನಿ, ಯಜಮಾನ್ರೇ.”

ಸುತ್ತಲಿದ್ದವರು ನಕ್ಕರು. ಭೈರಪ್ಪನವರು ನಗಲಿಲ್ಲ. ಶೀಲ್ಡಿನ ಮೇಲೆ ಬೆರಳಾಡಿಸುತ್ತ ಅವರು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ.

“ನಾಳೆಯ ಪಟ್ಟೀಲಿ ನಿನ್ನ ಹೆಸರಿಲ್ಲ. ನಾಳಿದ್ದಿಂದ ನಿಜವಾಗಿ ಮರಳಿಗೆ ಬಾ. ಕೂಗು ಕೇಳಿ ನಿನ್ನ ಕೈ ತಾನಾಗಿ ಇಳಿಯೋ ದಿನ ನೀನು ನಮ್ಮವನು. ಮುಂದಿನ ಆಯುಧಪೂಜೆ ತನಕ ಮನೆ ಇರಲಿ. ಆಮೇಲೆ ನೋಡೋಣ.”

ಶೀಲ್ಡನ್ನು ವೆಂಕಟಾಚಲನ ಕೈಗೆ ಕೊಟ್ಟು ಅವರು ಎದ್ದು ಹೋದರು.

ಸುದ್ದಿ ಭೂತಪ್ಪನಿಗಿಂತ ಮೊದಲೇ ಸಾಲುಮನೆ ತಲುಪಿತ್ತು. ಮಾಸ್ತಮ್ಮ ಬಾಗಿಲಲ್ಲಿಯೇ ನಿಂತಿದ್ದಳು. ಅವಳು ಕೂಗಾಡಲಿಲ್ಲ, ಕೂಗಾಡಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. “ಹದಿನೈದು ವರ್ಷ ಗೋಲು ಹೊಡೀದೆ ಇದ್ದೋರಿಗೆ ಇವತ್ತೇ ಹೊಡೀಬೇಕಾಗಿತ್ತಾ ಮಾರಾಯ್ರೇ?” ಎಂದಷ್ಟೇ ಕೇಳಿ ಒಳಕ್ಕೆ ಹೋದಳು.

ಮರಳಿನ ಕೆಲಸ ಸುಲಭವಲ್ಲ. ಕಪ್ಪು ಮರಳನ್ನು ಜರಡಿ ಹಿಡಿದು, ನೀರು ಚಿಮುಕಿಸಿ, ಹದ ಮಾಡಿ, ಮರದ ಮಾದರಿಯ ಸುತ್ತಲೂ ಗಟ್ಟಿಸಬೇಕು. ನೀರು ಹೆಚ್ಚಾದರೆ ಎರಕದಲ್ಲಿ ಗುಳ್ಳೆ ಬರುತ್ತದೆ. ಕಡಿಮೆಯಾದರೆ ಅಚ್ಚು ಕುಸಿಯುತ್ತದೆ. ಭೂತಪ್ಪನು ಹದ ಮಾಡಿದ ಮರಳಿನಲ್ಲಿ ಹೊಯ್ದ ಮೊದಲ ನೇಗಿಲ ಗುಳವನ್ನು ಕಂಡ ರೈತನೊಬ್ಬನು, ಇದು ಉಳುವುದಕ್ಕೋ ತೆಂಗಿನಕಾಯಿ ತುರಿಯುವುದಕ್ಕೋ ಎಂದು ವಿಚಾರಿಸಿದನು. ಕೆಲವು ವಾರ ಕಳೆದ ಮೇಲೆ ವೆಂಕಟಾಚಲನೇ ಒಂದು ದಾರಿ ಕಂಡುಹಿಡಿದನು. ಗಾಣದ ಚಕ್ರದ ದೊಡ್ಡ ಅಚ್ಚುಗಳಿಗೆ ಮರಳನ್ನು ಕಾಲಿನಿಂದ ತುಳಿದು ಗಟ್ಟಿಸುವ ರೂಢಿ ಇತ್ತು. ಆ ಕೆಲಸಕ್ಕೆ ಭೂತಪ್ಪನನ್ನು ಇಳಿಸಿದರು. ಅವನ ಕಾಲು ಪರೀಕ್ಷೆಯಲ್ಲಿ ಎಂದೂ ತೋರದ ಬುದ್ಧಿಯನ್ನು ಅಲ್ಲಿ ತೋರಿಸಿತು. ಹಿಮ್ಮಡಿಯಲ್ಲಿ ಎಷ್ಟು, ಬೆರಳಿನಲ್ಲಿ ಎಷ್ಟು ಒತ್ತಬೇಕೆಂಬುದು ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅವನು ತುಳಿದ ಅಚ್ಚುಗಳು ಕುಸಿಯಲಿಲ್ಲ.

ಕೂಗಿನದೇ ತೊಂದರೆ. ಮೊದಲ ತಿಂಗಳು ಕೂಗು ಆದ ಕೂಡಲೇ ಅವನ ಕಾಲುಗಳು ಓಡಿಬಿಡುತ್ತಿದ್ದವು. ವೆಂಕಟಾಚಲನು ಅವನನ್ನು ಬಾಗಿಲ ಹತ್ತಿರ ಎಣಿಸಬೇಕಾಗುತ್ತಿತ್ತು. ಮಳೆಗಾಲದ ಹೊತ್ತಿಗೆ ಓಡುವುದು ನಿಂತಿತು. ಆದರೆ ಎಲ್ಲರೂ ನಿಂತದ್ದನ್ನು ಅತ್ತಿತ್ತ ನೋಡಿ, ಆಮೇಲೆ ತಾನು ಕೈ ಇಳಿಸುತ್ತಿದ್ದನು. ಭೈರಪ್ಪನವರು ಕಚೇರಿಯ ಕಿಟಕಿಯಿಂದ ದಿನವೂ ನೋಡುತ್ತಿದ್ದರಂತೆ. ಹೇಗಿದ್ದಾನೆಂದು ಒಮ್ಮೆ ನಾನೇ ಧೈರ್ಯ ಮಾಡಿ ಕೇಳಿದೆನು.

“ಕಂಡು ನಿಲ್ತಾನೆ ಮೇಷ್ಟ್ರೇ, ಕೇಳಿ ನಿಲ್ಲೋದಿಲ್ಲ” ಎಂದರು.

ಈ ಮಾತನ್ನು ನಾನು ಭೂತಪ್ಪನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಕೇಳಿ ನಿಂತವನಂತೆ ನಟಿಸಲು ತೊಡಗುತ್ತಿದ್ದನು. ನಾಟಕ ಕಂಪೆನಿಯ ಅನುಭವ ಇತ್ತಲ್ಲ.

ಶ್ರಾವಣದಲ್ಲಿ ದಾವಣಗೆರೆಯಿಂದ ಕಾಗದ ಬಂದಿತು. ಹಳೆಯ ಹತ್ತಿ ಗಿರಣಿಯವರು ಮತ್ತೆ ತಂಡ ಕಟ್ಟುತ್ತಿದ್ದರು. ಬಯಲಿನ ಈ ತುದಿಯಿಂದ ಆ ತುದಿಗೆ ಗೋಲು ಹೊಡೆದ ಬ್ಯಾಕಿನ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಕೈತುಂಬ ಸಂಬಳ, ಕೆಲಸ ಏನೂ ಇಲ್ಲ ಎಂದು ಬರೆದಿದ್ದರು. ಅಂಥ ಕಾಗದ ಅವನ ಬಾಳಿನಲ್ಲಿ ಅದೇ ಮೊದಲು. ಅಲ್ಲಿಯ ತನಕ ಎಲ್ಲವೂ ಅರ್ಜಿ ಹಾಕಿ ಪಡೆದವು. ಅವನು ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, ತಲೆಗೂದಲಿನಿಂದ ಮರಳನ್ನು ಕೊಡವಿಕೊಳ್ಳುತ್ತ ಕುಳಿತನು.

ನಾನು ಲೇಖನಿ ತೆಗೆದು, ಬರುತ್ತೀನಿ ಎಂದು ಬರೆಯಲೋ ಎಂದು ಕೇಳಿದೆನು. ಅವನು ಕಿಟಕಿಯಾಚೆ ನೋಡಿದನು. ಮಾಸ್ತಮ್ಮನಿಗೆ ಕಾಗದದ ವಿಷಯ ಹೇಳಿದೆಯಾ ಎಂದು ಕೇಳಿದೆನು. ಇಲ್ಲವೆಂದು ತಲೆಯಾಡಿಸಿದನು. ಕಾಗದವನ್ನು ಮಡಚಿ ನನ್ನ ಕಡೆಗೆ ಸರಿಸಿದನು.

“ಬರೋದಿಲ್ಲ ಅಂತ ಬರೀರಿ ಮೇಷ್ಟ್ರೇ. ಎರಡು ಕಾಲಿನ ನಿಷ್ಠೆಯ ಮಾತು ಬೇಡ.”

ಅವನಿಗಾಗಿ ನಾನು ಬರೆದ ಕಾಗದಗಳಲ್ಲಿ ಅತ್ಯಂತ ಚಿಕ್ಕದು ಅದು.

ಮತ್ತೆ ದಸರಾ ಬಂದಿತು. ಈ ಸಲ ಕೊನೆಯ ಪಂದ್ಯ ಶಿವಮೊಗ್ಗದಲ್ಲಿ, ರೈಲು ನಿಲ್ದಾಣದ ಹತ್ತಿರದ ಬಯಲಿನಲ್ಲಿ. ಎದುರಾಳಿಗಳು ಮತ್ತೆ ಕೋಟೆಯವರೇ. ಶಾಲೆಗೆ ರಜ ಇದ್ದುದರಿಂದ ನಾನೂ ತಂಡದ ಜೊತೆಗೆ ಹೊರಟೆನು. ಹಿಂದಿನ ವರ್ಷದ ಕಥೆ ಊರೂರಿಗೂ ಹಬ್ಬಿತ್ತು. ನಮ್ಮವರನ್ನು ನಿಲ್ಲಿಸಲು ಕೋಟೆಯವರು ಶಂಖವನ್ನೋ ಕಹಳೆಯನ್ನೋ ಊದಿಸಬಹುದೆಂಬ ವದಂತಿಯೂ ಇತ್ತು. ಆದ್ದರಿಂದ ವೆಂಕಟಾಚಲನು ರೈಲಿನಲ್ಲಿ ಹತ್ತೂ ಜನರನ್ನು ಒಬ್ಬೊಬ್ಬರಾಗಿ ಹತ್ತಿರಕ್ಕೆ ಕರೆದು 'ಇವತ್ತು ಯಾವ ಸದ್ದೂ ನಮ್ಮದಲ್ಲ, ಆಕಾಶವೇ ಕೂಗಿದರೂ ನಿಲ್ಲಬೇಡಿ' ಎಂದು ಆಣೆ ಹಾಕಿಸಿಕೊಂಡನು. ಭೂತಪ್ಪನಿಗೆ ಹೇಳಲಿಲ್ಲ. ಅವನಿಗೆ ಹೇಳುವ ಅಗತ್ಯವೇನು? ಕೂಗಿಗೆ ನಿಲ್ಲದವನೆಂದು ಹೆಸರಾದವನು ಅವನೊಬ್ಬನೇ.

ಆಟ ಮುಗಿಯುವುದಕ್ಕೆ ಇನ್ನು ಕೆಲವೇ ನಿಮಿಷ. ಎರಡು ಕಡೆಯೂ ಗೋಲಿಲ್ಲ. ಕೋಟೆಯ ನಾಯಕನು ಚೆಂಡು ತೆಗೆದುಕೊಂಡು ಬಲಗಡೆಯಿಂದ ಬರುತ್ತಿದ್ದನು. ಎದುರಿಗೆ ಭೂತಪ್ಪ ಸೊಂಟ ಬಗ್ಗಿಸಿ ಕಾಯುತ್ತಿದ್ದನು. ಆಗ ನಿಲ್ದಾಣದಲ್ಲಿ ಹೊರಡಲು ಸಿದ್ಧವಾಗಿದ್ದ ಬೀರೂರು ಗಾಡಿಯ ಎಂಜಿನ್ನು ದೀರ್ಘವಾಗಿ ಸಿಳ್ಳು ಹಾಕಿತು.

ಹತ್ತು ಜನರ ಕೈಗಳು ಅರ್ಧ ಇಳಿದವು. ಆದರೆ ಆಣೆ ಆಣೆಯೇ, ಯಾರೂ ನಿಲ್ಲಲಿಲ್ಲ. ನಿಂತವನು ಭೂತಪ್ಪ. ಅವನ ಸೊಂಟ ನೆಟ್ಟಗಾಯಿತು, ಕೈಗಳೆರಡೂ ಇಳಿದವು, ದೃಷ್ಟಿ ನೇರವಾಯಿತು. ಕೋಟೆಯ ನಾಯಕನು ಇದೇನೋ ಹೊಸ ಉಪಾಯವೆಂದು ಶಂಕಿಸಿ ಅವನ ಮುಂದೆ ಒಂದು ಕ್ಷಣ ತಡೆದನು. ಆಮೇಲೆ ರಸ್ತೆಬದಿಯ ಕಂಬವನ್ನು ಸುತ್ತಿ ಹೋಗುವವನಂತೆ ಅವನನ್ನು ಸುತ್ತಿಕೊಂಡು ಹೋಗಿ ಗೋಲು ಹೊಡೆದನು.

ಕೋಟೆಯವರ ಕೇಕೆ ಕಿವಿ ಕಿವುಡಾಗಿಸಿತು. ವೆಂಕಟಾಚಲನು ತಲೆಯ ಮೇಲೆ ಕೈ ಹೊತ್ತು ನೆಲದ ಮೇಲೆ ಕುಳಿತನು. ಭೂತಪ್ಪ ಇನ್ನೂ ನಿಂತೇ ಇದ್ದನು. ಎಣಿಸಬೇಕಾದವನು ಎಣಿಸದಿದ್ದರೆ ಅವನು ಅಲುಗುವುದು ಹೇಗೆ?

ಭೈರಪ್ಪನವರು ಕುರ್ಚಿಯಿಂದ ಎದ್ದರು. ಗೆರೆಯ ತನಕ ಬಂದು, ಬೆರಳನ್ನು ಭೂತಪ್ಪನ ಕಡೆಗೆ ಎತ್ತಿದರು.

“ಒಂದು” ಎಂದರು. ಸ್ವಲ್ಪ ತಡೆದು, “ಆಯ್ತು” ಎಂದರು.

ಭೂತಪ್ಪ ಅಲುಗಾಡಿದನು. ಹಿಂದಿರುಗಿ ನೋಡಿದನು. ಚೆಂಡು ಗೋಲಿನೊಳಗೆ ಇತ್ತು.

ಭದ್ರಾವತಿಗೆ ಹಿಂದಿರುಗುವ ತನಕ ಅವನು ರೈಲಿನ ಕಿಟಕಿಗೆ ಮುಖ ಹಚ್ಚಿಕೊಂಡೇ ಕುಳಿತಿದ್ದನು. ಶೀಲ್ಡೂ ಹೋಯಿತು, ಮನೆಯೂ ಹೋಯಿತೆಂದು ಅವನ ಲೆಕ್ಕ. ದಾವಣಗೆರೆಯವರಿಗೆ ಇನ್ನೊಂದು ಕಾಗದ ಬರೆಯಬಹುದೇ ಎಂದು ಮೆಲ್ಲಗೆ ಕೇಳಿದನು. ಭೈರಪ್ಪನವರ ಎಣಿಕೆಯನ್ನು ಕೇಳಿದ್ದ ನನಗೆ ಆಸೆ ಹುಟ್ಟಿತ್ತು. ಆದರೆ ಯಜಮಾನರ ಬಾಯಿಂದ ಬರಬೇಕಾದ ಮಾತನ್ನು ನಾನು ಆಡುವುದು ಸರಿಯಲ್ಲವೆಂದು, ನಾಳೆ ನೋಡೋಣ ಎಂದಷ್ಟೇ ಹೇಳಿದೆನು.

ಮರುದಿನ ಆಯುಧಪೂಜೆ. ಕುಲುಮೆಗೂ ಜರಡಿಗಳಿಗೂ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದಾದ ಮೇಲೆ ವೆಂಕಟಾಚಲನು ಖಾಯಂ ಪಟ್ಟಿಯನ್ನು ಓದಿದನು. ಆ ವರ್ಷ ಅದರಲ್ಲಿ ಮೂರೇ ಹೆಸರುಗಳಿದ್ದವು. ಮೂರನೆಯದು ಭೂತಪ್ಪ ಬಿನ್ ಚೌಡಪ್ಪ, ದೊಡ್ಡ ಅಚ್ಚಿನ ವಿಭಾಗ. ಎರಡು ಸಲ ಓದಬೇಕಾಯಿತು. ಮೊದಲ ಸಲ ಅವನು ಯಾರೋ ಬೇರೆ ಭೂತಪ್ಪನಿರಬೇಕೆಂದು ಹಿಂದಿರುಗಿ ನೋಡುತ್ತಿದ್ದನು. ಭೈರಪ್ಪನವರು ಎಲ್ಲರಿಗೂ ಕೊಟ್ಟಂತೆ ಅವನಿಗೂ ಎಲೆ ಅಡಿಕೆ, ಒಂದು ಪಂಚೆ ಕೊಟ್ಟರು. ಆಟದ ಮಾತನ್ನು ಎತ್ತಲೇ ಇಲ್ಲ.

ಹೆಂಗಸರು ನಿಂತಿದ್ದ ಕಡೆಯಿಂದ ಮಾಸ್ತಮ್ಮ ನನ್ನ ಬಳಿಗೆ ಬಂದಳು. ನಿನ್ನೆಯ ಪಂದ್ಯದ ವಿಷಯವಾಗಿ ಗಂಡನು ಅವಳಿಗೆ ಒಂದು ಮಾತನ್ನೂ ಹೇಳಿರಲಿಲ್ಲ. ಬಂದವನು ಉಣ್ಣದೆ ಮಲಗಿದ್ದನಂತೆ. ಏನು ನಡೆಯಿತೆಂದು ವಿಚಾರಿಸಿದಳು. ಎಂಜಿನ್ನು ಸಿಳ್ಳು ಹಾಕಿದ್ದು, ಅವನು ನಿಂತದ್ದು, ಯಜಮಾನರು ಎಣಿಸಿದ್ದು, ಎಲ್ಲವನ್ನೂ ಹೇಳಿದೆನು. ಅವಳು ಗಮನವಿಟ್ಟು ಕೇಳಿದಳು.

“ಎಷ್ಟು ಗೋಲಿಗೆ ಸೋತಿರಿ?”

ಒಂದೇ ಒಂದಕ್ಕೆ ಎಂದೆನು.

ಮಾಸ್ತಮ್ಮ ಸಾಲುಮನೆಯ ಕಡೆಗೊಮ್ಮೆ ನೋಡಿದಳು. ಹೊಸ ಪಂಚೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಸಿಕ್ಕವರಿಗೆಲ್ಲ ನಮಸ್ಕಾರ ಮಾಡುತ್ತಿದ್ದ ಗಂಡನ ಕಡೆಗೊಮ್ಮೆ ನೋಡಿದಳು.

“ಒಂದು ಗೋಲಿಗೆ ಒಂದು ಮನೆ. ಅಗ್ಗವಾಯ್ತು ಬಿಡಿ ಮೇಷ್ಟ್ರೇ” ಎಂದಳು.